ದೊಡ್ಡವಳು, ಚಿಕ್ಕವಳು, ಗಂಟಲು ಕಟ್ಟಿದ ಗಂಡ

ಗಂಡನಿಗೆ ಇಬ್ಬರು ಹೆಂಡಿರು ಎಂಬ ಸುದ್ದಿಯನ್ನು ಬೀದಿಗೆಲ್ಲ ಹಬ್ಬಿಸಿದವಳು ಬೇರೆ ಯಾರೂ ಅಲ್ಲ, ಸ್ವತಃ ಹೆಂಡತಿಯೇ. ಕರ್ಟನ್ ಹೊಲಿಸಲು ಬಂದವರು "ಯಜಮಾನ್ರು ಮನೇಲಿಲ್ವಾ?" ಎಂದು ಕೇಳಿದರೆ ಸಾಕು, ಹೊಲಿಗೆ ಯಂತ್ರದಿಂದ ಕಾಲು ತೆಗೆಯದೆ, "ದೊಡ್ಡವಳ ಹತ್ರ ಇದಾರೆ. ಸಂಜೆಗೆ ಚಿಕ್ಕವಳ ಮನೆಗೆ ಬರ್ತಾರೆ, ಊಟಕ್ಕೆ" ಎನ್ನುತ್ತಿದ್ದಳು. ಹೊಸಬರಾದರೆ ಕಣ್ಣು ಕೆಳಗೆ ಹಾಕಿ, ಕಿಟಕಿಯ ಅಳತೆಯನ್ನೇ ಮರೆತುಬಿಡುತ್ತಿದ್ದರು. ಹಳಬರು ನಗುತ್ತಿದ್ದರು. ದೊಡ್ಡವಳೆಂದರೆ ಮೃಗಾಲಯದ ನೀರಾನೆ, ಒಂದೂವರೆ ಟನ್ ತೂಕದ ಹೆಣ್ಣು, ಗಂಡ ಅವಳ ಪಾಲಕ ಎಂಬುದು ಅವರಿಗೆ ಗೊತ್ತಿತ್ತು.

ಹೊಲಿಗೆಯವಳ ಯಂತ್ರ ಇದ್ದದ್ದು ಬೀದಿಗೆ ಮುಖ ಮಾಡಿದ ಮುಂದಿನ ಕೋಣೆಯ ಕಿಟಕಿಯ ಪಕ್ಕದಲ್ಲಿ. ಸುತ್ತ ಮಡಿಚಿಟ್ಟ ಕರ್ಟನ್ನುಗಳು, ಗುಂಡಿ ಕಾಯುತ್ತಿರುವ ಶಾಲೆ ಯೂನಿಫಾರ್ಮುಗಳು, ಬಾಯಿಯಲ್ಲಿ ಸದಾ ಒಂದೆರಡು ಗುಂಡುಸೂಜಿ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೂ ಅಷ್ಟು ಮಾತಾಡುವ ಹೆಂಗಸು ಆ ಬೀದಿಯಲ್ಲಿ ಇನ್ನೊಬ್ಬಳಿರಲಿಲ್ಲ.

ಅವಳಿಗೆ ಇನ್ನೊಂದು ವಿದ್ಯೆಯೂ ಬರುತ್ತಿತ್ತು. ಯಾರ ದನಿಯನ್ನಾದರೂ ಒಂದು ಸಲ ಕೇಳಿದರೆ ಎತ್ತಿಕೊಂಡುಬಿಡುವಳು. ಶಾಲೆಯಲ್ಲಿದ್ದಾಗ ಗೋಡೆಯಾಚೆ ನಿಂತು ಹೆಡ್‌ಮೇಡಂ ದನಿಯಲ್ಲಿ "ಇವತ್ತು ಪಾಠ ಇಲ್ಲ, ಎಲ್ಲರೂ ಮನೆಗೆ ಹೋಗಿ" ಎಂದು ಕೂಗಿ ತರಗತಿಗಳನ್ನು ಖಾಲಿ ಮಾಡಿಸಿದ್ದಳು. ಹೆಣ್ಣುದನಿ ಗಂಡುದನಿ ಎಂಬ ಭೇದ ಅವಳ ಗಂಟಲಿಗೆ ಇರಲಿಲ್ಲ. ಅತ್ತೆ ತೀರಿಕೊಂಡ ಮೇಲೆ ಒಂದು ದಿನ, ಅಭ್ಯಾಸಬಲದಿಂದ, ಅತ್ತೆಯ ದನಿಯಲ್ಲಿ "ಊಟ ಆಯ್ತೇನೋ?" ಎಂದುಬಿಟ್ಟಳು. ಒಳಗಿದ್ದ ಗಂಡ "ಇನ್ನೂ ಇಲ್ಲಮ್ಮಾ" ಎಂದು ಉತ್ತರ ಕೊಟ್ಟ, ಆಮೇಲೆ ಬಹಳ ಹೊತ್ತು ಕೋಣೆಯಿಂದ ಹೊರಗೆ ಬರಲಿಲ್ಲ. ಅಂದಿನಿಂದ ಆ ಒಂದು ದನಿಯನ್ನು ಅವಳು ಮಡಿಚಿ ಒಳಗಿಟ್ಟಳು.

ದಿನಬಳಕೆಗೆ ಇದ್ದದ್ದು ಗಂಡನ ದನಿ. ಅದೊಂದು ದಪ್ಪ ದನಿ, ಕಬ್ಬಿಣದ ಪೆಟ್ಟಿಗೆಯನ್ನು ಸಿಮೆಂಟ್ ನೆಲದ ಮೇಲೆ ಎಳೆದ ಹಾಗೆ. ಅವಳು ಅದನ್ನು ಎಷ್ಟು ಚೆನ್ನಾಗಿ ತೆಗೆಯುತ್ತಿದ್ದಳೆಂದರೆ ಎದುರುಮನೆಯ ಅಜ್ಜಿಗೆ ಅದೇ ಹೊತ್ತು ಕಳೆಯುವ ಆಟವಾಗಿತ್ತು. ಅಜ್ಜಿಗೆ ಕಣ್ಣು ಮಂಜು, ಕಿವಿ ಮಾತ್ರ ಬಲು ಚುರುಕು. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತು, ಎದುರಿನ ಕಿಟಕಿಯಿಂದ ಬಂದ ದನಿ ಅಸಲಿಯೋ ನಕಲಿಯೋ ಎಂದು ತೀರ್ಪು ಕೊಡುತ್ತಿದ್ದಳು. "ಇದು ನಿಂದು ಕಣೇ ಹುಡುಗಿ! ನಿನ್ನ ಗಂಡ ಆದ್ರೆ ಇಷ್ಟು ಹೊತ್ತಿಗೆ ಎರಡು ಸಲ ಕೆಮ್ಮಿರ್ತಿದ್ದ" ಎಂದು ಬೀದಿ ದಾಟಿಸಿ ಕೂಗುವಳು. ತೀರ್ಪು ತಪ್ಪುತ್ತಿದ್ದದ್ದು ಅಪರೂಪ.

ಇನ್ನು ಗಂಡ. ಮನೆಗೆ ಮಾರಿ, ಊರಿಗೆ ಉಪಕಾರಿ ಎನ್ನುತ್ತಾರಲ್ಲ, ಆ ಜಾತಿಯ ಮನುಷ್ಯ. ಕೆಟ್ಟವನಲ್ಲ, ಆದರೆ ಮನೆಯೊಳಗೆ ಅವನ ಮಾತೆಂದರೆ ಇಷ್ಟೇ: ಟವೆಲ್ ಎಲ್ಲಿ, ಉಪ್ಪು ಜಾಸ್ತಿ, ಲೈಟು ಯಾರು ಆರಿಸದೆ ಬಂದಿದ್ದು. ಮಾತು ನೀರಾನೆಯ ಕಡೆ ತಿರುಗಿತೋ, ಕಟ್ಟೆ ಒಡೆದ ಹಾಗೆ. ನೀರಾನೆಗೆ ಈಜು ಬರುವುದಿಲ್ಲ, ಕೊಳದ ತಳದಲ್ಲಿ ನಡೆದುಕೊಂಡೇ ಓಡಾಡುತ್ತದೆ. ನೀರೊಳಗೇ ನಿದ್ದೆ ಮಾಡುತ್ತದೆ, ಉಸಿರು ಬೇಕಾದಾಗ ಎಚ್ಚರವೇ ಇಲ್ಲದೆ ಮೇಲೆ ಬಂದು, ಉಸಿರು ತಗೊಂಡು, ಮತ್ತೆ ಮುಳುಗುತ್ತದೆ. ಮುಳುಗುವಾಗ ಮೂಗನ್ನೂ ಕಿವಿಯನ್ನೂ ಮುಚ್ಚಿಕೊಳ್ಳುತ್ತದೆ. "ಕಿವಿ ಮುಚ್ಕೊಳ್ಳೋ ಸೌಕರ್ಯ ನನಗೂ ಇದ್ದಿದ್ರೆ!" ಎಂದು ಹೊಲಿಗೆಯವಳು ದಾರ ಕಚ್ಚಿ ತುಂಡರಿಸುವಳು.

ಅವನ ಅತ್ಯಂತ ಪ್ರೀತಿಯ ಕಥೆ ರಕ್ತದ್ದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಮಧ್ಯಾಹ್ನ ನೀರಾನೆಯ ಬೆನ್ನ ಮೇಲೆ ಕೆಂಪು ಹನಿಗಳು ಕಂಡವಂತೆ. "ರಕ್ತ! ರಕ್ತ!" ಎಂದು ಅವನು ಓಡಿದ ಓಟಕ್ಕೆ ಅರ್ಧ ಮೃಗಾಲಯ ಕೊಳದ ಸುತ್ತ ನೆರೆದಿತ್ತು. ಆಗಿನ ಪ್ರಾಣಿವೈದ್ಯರು ಬಂದು ನೋಡಿ, ಇದು ರಕ್ತವೂ ಅಲ್ಲ ಬೆವರೂ ಅಲ್ಲ, ಅದರ ಚರ್ಮದಿಂದ ಬರುವ ಒಂದು ರಸ, ಬರುವಾಗ ಬಣ್ಣವಿಲ್ಲ, ಆಮೇಲೆ ಕೆಂಪಗಾಗುತ್ತದೆ, ಬಿಸಿಲಿನಿಂದಲೂ ಸೋಂಕಿನಿಂದಲೂ ಕಾಪಾಡುತ್ತದೆ ಎಂದು ಹೇಳಿ ಕಳಿಸಿದರು. ಈಗ ಅದೇ ಕಥೆಯನ್ನು ಅವನು ಹೇಳುವಾಗ "ರಕ್ತ ರಕ್ತ" ಎಂದು ಕೂಗಿದವನು ಬೇರೆ ಯಾರೋ, ತಿಳಿಯಹೇಳಿದವನು ಇವನೇ ಆಗಿಬಿಟ್ಟಿದ್ದ. ಹೆಂಡತಿ ಮಾತ್ರ ಅಸಲು ಕಥೆಯನ್ನು, ಓಡುವಾಗಿನ ಏದುಸಿರಿನ ಸಮೇತ, ಅವನದೇ ದನಿಯಲ್ಲಿ ಗಿರಾಕಿಗಳಿಗೆ ಆಡಿ ತೋರಿಸುತ್ತಿದ್ದಳು.

ಅವಳಿಗೂ ದೊಡ್ಡವಳಿಗೂ ಹಳೆಯ ವೈರ. ಮದುವೆಯಾದ ಮೊದಲ ತಿಂಗಳು ಗಂಡ ಅವಳನ್ನು ತಿರುಗಾಡಲು ಕರೆದೊಯ್ದ. ಎಲ್ಲಿಗೆ ಎಂದು ಕೇಳಬೇಕೆ? ಅವಳು ತಾನೇ ಹೊಲಿದುಕೊಂಡ ಹೊಸ ಬಟ್ಟೆ ಉಟ್ಟು ಕಂಬಿಯ ಪಕ್ಕ ನಿಂತಳು. ನೀರಾನೆ ದಡಕ್ಕೆ ಬಂತು, ಹೊಸ ಹೆಂಗಸನ್ನು ಒಂದು ಗಳಿಗೆ ನೋಡಿತು, ತಿರುಗಿ ನಿಂತಿತು. ಆಮೇಲೆ ಆ ಮೋಟು ಬಾಲ ಫ್ಯಾನಿನ ಹಾಗೆ ತಿರುಗಿತು, ಸಗಣಿ ನಾಲ್ಕೂ ದಿಕ್ಕಿಗೆ ಚಿಮ್ಮಿತು. ಗಂಡ ಆನಂದದಿಂದ, "ನೋಡಿದ್ಯಾ? ಗುರುತಿಲ್ಲದೋರು ಬಂದ್ರೆ ಹೀಗೇ ಮಾಡೋದು. ಇದು ನನ್ನ ಜಾಗ ಅಂತ ಹೇಳ್ತಾ ಇದೆ!" ಎಂದ. ಅವಳು ಕಣ್ಣಿಗೆ ಬಿದ್ದ ಸಗಣಿ ಒರೆಸಿಕೊಂಡು, "ಅರ್ಥ ಆಯ್ತು. ಜಾಗ ಅವಳದ್ದೇ ಇರ್ಲಿ. ಈ ಜನ್ಮದಲ್ಲಿ ಇನ್ನು ನಾನಿಲ್ಲಿ ಕಾಲಿಡಲ್ಲ" ಎಂದಳು. ಆ ಮಾತನ್ನು ಇಷ್ಟು ವರ್ಷ ಉಳಿಸಿಕೊಂಡೂ ಬಂದಿದ್ದಳು.

ಕಂಬಿಯಾಚೆಯ ಅಷ್ಟು ದೊಡ್ಡ ಜೀವವನ್ನು ಕೋಲು ಹಿಡಿದು ನಡೆಸಲಾಗುವುದಿಲ್ಲ, ಹಗ್ಗ ಕಟ್ಟಿ ಎಳೆಯಲಾಗುವುದಿಲ್ಲ. ಗಂಡ ನಡೆಸುತ್ತಿದ್ದದ್ದು ದನಿಯಿಂದ. ಬೆಳಗ್ಗೆ ಗೋಡೆಯ ಮರೆಯಿಂದಲೇ ಎರಡು ಸಲ ಕೆಮ್ಮಿ, ಆಮೇಲೆ ಎರಡು ಕೊಳಗಳ ನಡುವಿನ ಓಣಿಯ ಗೇಟಿನ ಹತ್ತಿರ ನಿಂತು ಅದೇನೋ ಮೆಲ್ಲಗೆ ಹೇಳಿ ಕರೆಯುತ್ತಿದ್ದ. ನೀರಾನೆ ಎದ್ದು ಬರುತ್ತಿತ್ತು. ಬೇರೆ ಯಾರೂ ಅದರ ಹತ್ತಿರ ಬಾಯಿ ತೆರೆಯುವಂತಿರಲಿಲ್ಲ. ಪಕ್ಕದ ಕೋತಿಮನೆಯ ಪಾಲಕ, ಇವನ ಗೆಳೆಯ, ಅಲ್ಲಿ ಸೀನುವುದಕ್ಕೂ ಹೆದರುತ್ತಿದ್ದ. ಈಗಿನ ಪ್ರಾಣಿವೈದ್ಯೆ, ಎಲ್ಲರ ಬಾಯಲ್ಲೂ ಡಾಕ್ಟರಮ್ಮ, ಒಳ್ಳೆಯ ಮಾತಿನಲ್ಲಿ ಹೇಳಿದ್ದರು: "ಇನ್ನೊಬ್ಬರ ದನೀನೂ ಅಭ್ಯಾಸ ಮಾಡಿಸಿ. ನಾಳೆ ನಿಮಗೆ ಹುಷಾರು ತಪ್ಪಿದ್ರೆ?" ಇವನು, "ನನಗೇನಾಗತ್ತೆ ಡಾಕ್ಟ್ರೇ, ಗುಂಡುಕಲ್ಲಿನ ಹಾಗಿದ್ದೀನಿ" ಎಂದು ನಕ್ಕ. ನಿಜ ಹೇಳಬೇಕೆಂದರೆ ಅವನಿಗೆ ಹಂಚಿಕೊಳ್ಳಲು ಮನಸ್ಸಿರಲಿಲ್ಲ. ಅಷ್ಟು ದೊಡ್ಡ ಪ್ರಾಣಿ ತನ್ನೊಬ್ಬನ ಮಾತು ಮಾತ್ರ ಕೇಳುತ್ತದೆ ಎಂಬ ಜಂಬವನ್ನು ಯಾರಾದರೂ ಸುಮ್ಮನೆ ಬಿಟ್ಟುಕೊಡುತ್ತಾರೆಯೇ?

ಒಂದು ವಿಷಯದಲ್ಲಿ ಮಾತ್ರ ಹೊಲಿಗೆಯವಳು ತಮಾಷೆ ಮಾಡುತ್ತಿರಲಿಲ್ಲ. ಬೇರೆ ಊರಿನಿಂದ ಗಂಡು ನೀರಾನೆಯೊಂದನ್ನು ತಂದ ಮೇಲೆ ದೊಡ್ಡವಳು ಮೊದಲ ಸಲ ಬಸಿರಾಗಿ, ದೊಡ್ಡ ಕೊಳದಲ್ಲೇ ಈದಿದ್ದಳು. ನೀರಿನೊಳಗೆ ಗಂಡಿನದೇ ದರ್ಬಾರು. ಪುಟ್ಟ ಮರಿ ಅದರ ದಾರಿಗೆ ಅಡ್ಡ ಬಂತು, ಒಂದು ಬೆಳಗಿನಷ್ಟೂ ಬದುಕಲಿಲ್ಲ. ಆ ದಿನ ಗಂಡ ಮನೆಗೆ ಬಂದು, ಬಚ್ಚಲುಮನೆಯ ನಲ್ಲಿ ತಿರುಗಿಸಿಟ್ಟು, ನೀರಿನ ಸದ್ದಿನ ಮರೆಯಲ್ಲಿ ಅತ್ತ. ಅವಳ ಕಿವಿಗೆ ನೀರಿನ ಸದ್ದೂ ಅಳುವಿನ ಸದ್ದೂ ಬೇರೆಬೇರೆಯಾಗಿಯೇ ಕೇಳಿಸಿತು. ಅವಳು ಯಂತ್ರ ನಿಲ್ಲಿಸಿ, ಕೈ ಮಡಿಚಿ ಕೂತಳು. ಆಮೇಲೆ ಎಷ್ಟೋ ದಿನ ದೊಡ್ಡವಳು ಚಿಕ್ಕವಳು ಎಂಬ ಮಾತೇ ಎತ್ತಲಿಲ್ಲ.

ಈಗ ದೊಡ್ಡವಳು ಮತ್ತೆ ಬಸಿರಿ. ಈ ಸಲ ಈಯುವ ಮೊದಲೇ ಅವಳನ್ನು ಓಣಿಯ ಆಚೆಗಿನ ಸಣ್ಣ ಕೊಳಕ್ಕೆ ಸಾಗಿಸಿ ಗೇಟು ಹಾಕುವುದೆಂದು ತೀರ್ಮಾನವಾಗಿತ್ತು. ನೀರಾನೆಗೆ ಎಂಟು ತಿಂಗಳ ಬಸಿರು. ಆದರೆ ಅವುಗಳ ಸಂಸಾರವೆಲ್ಲ ನೀರಿನೊಳಗೇ ನಡೆಯುವುದರಿಂದ ಎಂಟು ತಿಂಗಳು ಎಂದಿನಿಂದ ಎಂಬುದೇ ತಕರಾರು. ಡಾಕ್ಟರಮ್ಮ "ಈಗಲೇ ಸಾಗಿಸೋಣ" ಎಂದರು. ಇವನು "ಇನ್ನೂ ಒಂದು ತಿಂಗಳಿದೆ ಡಾಕ್ಟ್ರೇ, ನನಗೆ ಗೊತ್ತಾಗಲ್ವಾ?" ಎಂದ.

ಅವನಿಗೆ ಗೊತ್ತಾಗಿರಲಿಲ್ಲ.

ಅಷ್ಟರಲ್ಲಿ ರಜೆಯ ದಿನಗಳು ಬಂದವು, ಮೃಗಾಲಯಕ್ಕೆ ಜನ ಇರುವೆಯ ಹಾಗೆ ಮುತ್ತಿದರು. ಬಸಿರಿಗೆ ಸಿಡುಕು ಹೆಚ್ಚು. ದೊಡ್ಡವಳು ಜನರನ್ನು ಕಂಡಾಗಲೆಲ್ಲ ಬಾಯಿ ತೆರೆಯುತ್ತಿದ್ದಳು, ಮೊಳದುದ್ದದ ಕೋರೆಹಲ್ಲು ಕಾಣುವಷ್ಟು. ಜನ, "ಅಯ್ಯೋ ಪಾಪ, ನಿದ್ದೆ ಬಂದಿದೆ, ಆಕಳಿಸ್ತಾ ಇದೆ" ಎಂದು ಮಕ್ಕಳನ್ನು ಕಂಬಿಯ ಮೇಲೆ ಕೂರಿಸಿ ಫೋಟೋ ತೆಗೆಯತೊಡಗಿದರು. ಇವನು ಆ ತುದಿಯಿಂದ ಈ ತುದಿಗೆ ಓಡಾಡುತ್ತ, "ಆಕಳಿಕೆ ಅಲ್ಲ ಸ್ವಾಮೀ, ಅದು ಬೆದರಿಕೆ! ಹತ್ರ ಬಂದ್ರೆ ಜೋಕೆ ಅಂತ ಹೇಳ್ತಾ ಇದೆ! ಹಿಂದೆ ಸರೀರಿ! ಕಂಬಿ ಬಿಡ್ರೀ!" ಎಂದು ಇಡೀ ದಿನ ಗಂಟಲು ಹರಿದುಕೊಂಡ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಸಂಜೆ ಮನೆಗೆ ಬಂದು "ಟವೆಲ್ ಎಲ್ಲಿ" ಎನ್ನಲು ಬಾಯಿ ತೆರೆದ. ಬರಿ ಗಾಳಿ ಬಂತು.

ಗಂಟಲಿನ ಡಾಕ್ಟರು ದೀಪ ಬಿಟ್ಟು ನೋಡಿ, ದನಿಯ ತಂತುಗಳು ಊದಿಕೊಂಡಿವೆ, ನಾನು ಹೇಳುವವರೆಗೆ ಒಂದಕ್ಷರ ಮಾತಾಡಬಾರದು, ಪಿಸುಮಾತು ಇನ್ನೂ ಕೆಟ್ಟದ್ದು, ಅದೂ ಬೇಡ ಎಂದು ಕಟ್ಟುನಿಟ್ಟು ಮಾಡಿದರು.

ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ಹೊಲಿಗೆಯವಳಿಗೆ ಬೆಳ್ಳಿ ಬಂಗಾರ ಎರಡೂ ಒಟ್ಟಿಗೆ ಸಿಕ್ಕವು. ಗಂಡನ ಗಂಟಲಿಗೆ ನೀಲಗಿರಿ ಎಣ್ಣೆ ಹಚ್ಚಿ, ಮಫ್ಲರ್ ಸುತ್ತಿ ಕೂರಿಸಿ, ಸಂಸಾರದ ಎರಡೂ ಕಡೆಯ ಮಾತನ್ನು ತಾನೇ ವಹಿಸಿಕೊಂಡಳು. ತನ್ನ ದನಿಯಲ್ಲಿ, "ಅಡುಗೆ ಹೇಗಿದೆ ರೀ?" ಎಂದು ಕೇಳುವಳು. ಅವನ ದನಿಯಲ್ಲಿ, "ಆಹಾ, ನಿನ್ನ ಕೈರುಚಿ ಯಾರಿಗೆ ಬರತ್ತೆ ಕಣೇ!" ಎಂದು ಉತ್ತರಿಸುವಳು. ಅವನು ತಟ್ಟೆ ಕುಟ್ಟುವನು. ಎದುರುಮನೆಯಿಂದ ಅಜ್ಜಿಯ ತೀರ್ಪು ಬರುವುದು: "ನಕಲಿ! ಅವನು ಅಡುಗೆ ಹೊಗಳಿದ್ದನ್ನ ನಾನು ಈ ಕಿವಿಯಲ್ಲಿ ಕೇಳಿಲ್ಲ!"

ಮೂಕನಾದರೂ ಅವನು ಕೆಲಸಕ್ಕೆ ಹೋಗುವುದು ಬಿಡಲಿಲ್ಲ. ಆದರೆ ಒಂದು ದಿನ ಹೊತ್ತಿಗೆ ಮೊದಲೇ ವಾಪಸಾದ. ತಲೆಯಿಂದ ಕಾಲಿನವರೆಗೆ ಸಗಣಿ. ಬಾಗಿಲಲ್ಲಿ ನಿಂತವನ ಕಣ್ಣಲ್ಲಿ ನೀರಿತ್ತು. ಹೊಲಿಗೆಯವಳಿಗೆ ಮೊದಲು ನಗು ಉಕ್ಕಿತು. ಅವನ ಮುಖ ನೋಡಿ ನುಂಗಿಕೊಂಡಳು. ಕೈಸನ್ನೆಯಿಂದ ಅವನು ಹೇಳಿದ್ದಿಷ್ಟು: ಗೋಡೆಯ ಮರೆಯಿಂದ ಕೆಮ್ಮಲಾಗಲಿಲ್ಲ. ಗೇಟಿನ ಬಳಿ ನಿಂತು ಚಪ್ಪಾಳೆ ತಟ್ಟಿದೆ. ಅವಳು ನನ್ನನ್ನು ನೋಡಿದಳು. ತಿರುಗಿ ನಿಂತಳು.

"ಗುರುತೇ ಹಿಡೀಲಿಲ್ವಾ?" ಎಂದಳು.

ಅವನು ಇಲ್ಲವೆಂದು ತಲೆಯಾಡಿಸಿದ. ಗುರುತು ಹೇಗೆ ಸಿಗಬೇಕು? ದನಿ ಇಲ್ಲ, ಮೈವಾಸನೆಯಾದರೂ ಇರಲಿ ಎಂದರೆ ಅವಳೇ ಬಳಿದ ನೀಲಗಿರಿ ಎಣ್ಣೆ ಬೀದಿಯ ತುದಿಗೂ ಹೊಡೆಯುತ್ತಿತ್ತು. ಅದು ಹೊಳೆದು ಹೊಲಿಗೆಯವಳಿಗೆ ಒಳಗೊಳಗೇ ಚುರುಕ್ ಎಂದಿತು. ಬಿಸಿನೀರು ಕಾಯಿಸಿ, ತಾನೇ ಅವನ ತಲೆಗೆ ಸುರಿದು ತೊಳೆದಳು.

ಮರುದಿನ ಅವನು ಕೆಲಸಕ್ಕೆ ಹೋಗಲಿಲ್ಲ. ಬೆಳಗ್ಗೆ ಅವಳು ಅವನನ್ನು ನಗಿಸುವ ಉಪಾಯ ಮಾಡುತ್ತಿದ್ದಳು. ಅವನದೇ ದನಿಯನ್ನು ಏರಿಸಿ, "ಏನೇ ಇದು! ಕಾಲಿಗೆ ಸಿಗೋ ಹಾಗೆ ಬಟ್ಟೆ ಹರಡ್ಕೊಂಡು ಕೂತಿದ್ದೀಯ! ಇದೇನು ಮನೆಯೋ ಗೋಡೌನೋ?" ಎಂದು ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದಾಗ, ಬಾಗಿಲು ದಢಾರನೆ ತೆರೆಯಿತು. ಡಾಕ್ಟರಮ್ಮ! ಹಿಂದೆ ಕೋತಿಮನೆಯವನು. ಹೊರಗೆ ಜೀಪು ಇನ್ನೂ ಗುರುಗುಟ್ಟುತ್ತಿತ್ತು.

"ಗಂಟಲು ಹೋಗಿದೆ ಅಂತ ರಜೆ ಹಾಕಿ ಇಲ್ಲಿ ಹೆಂಡತಿ ಮೇಲೆ ಕೂಗಾಡ್ತಾ ಇದೀರಾ? ಬೀದಿ ತಿರುವಿಗೇ ಕೇಳಿಸ್ತಾ ಇದೆ!" ಎಂದರು ಡಾಕ್ಟರಮ್ಮ, ಸಿಟ್ಟಿನಿಂದ ಕೆಂಪಗಾಗಿ. "ಅಲ್ಲಿ ಅವಳಿಗೆ ನೋವು ಶುರುವಾಗಿದೆ!"

ಗಂಡ ಮಫ್ಲರ್ ಸುತ್ತಿಕೊಂಡು, ಲೋಟ ಹಿಡಿದು, ತುಟಿ ಬಿಗಿದು ಕೂತಿದ್ದ. ಲೋಟ ಕೈಯಿಂದ ಜಾರಿತು.

"ಕೂಗಾಡಿದ್ದು ಇವರಲ್ಲ, ಡಾಕ್ಟ್ರೇ, ನಾನು" ಎಂದಳು ಹೊಲಿಗೆಯವಳು. ಮೊದಲರ್ಧ ಅವಳ ದನಿ, ಉಳಿದರ್ಧ ಅವನ ದನಿ.

ಡಾಕ್ಟರಮ್ಮ ಒಮ್ಮೆ ಅವಳ ಬಾಯಿ ನೋಡಿದರು, ಒಮ್ಮೆ ಅವನ ಬಾಯಿ ನೋಡಿದರು. "ಇನ್ನೊಂದ್ಸಲ ಮಾತಾಡಿ" ಎಂದರು.

"ಟವೆಲ್ ಎಲ್ಲಿ?" ಎಂದಳು ಅವಳು, ಗಂಡನ ದನಿಯಲ್ಲಿ. ಕೋತಿಮನೆಯವನು ಬೆಚ್ಚಿ ಹಿಂದೆ ನೋಡಿದ.

"ಅಕ್ಕಾ, ಜೀಪು ಹತ್ತಿ" ಎಂದರು ಡಾಕ್ಟರಮ್ಮ.

ಹೊಲಿಗೆಯವಳು ಬಾಯಿಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿದಳು. "ಅಲ್ಲಿ ಕಾಲಿಡಲ್ಲ ಅಂತ ಮಾತು ಕೊಟ್ಟಿದ್ದೀನಿ" ಎಂದಳು. ಗಂಡ ಅವಳನ್ನು ನೋಡಿದ, ಅಷ್ಟೆ. ಅವಳ ಕಿವಿಯಲ್ಲಿ ಬಚ್ಚಲುಮನೆಯ ನಲ್ಲಿ ಸುರಿಯಿತು. "ಮಾತು ಕೊಟ್ಟಿದ್ದು ಯಾರಿಗೆ, ನನಗೆ ನಾನೇ ತಾನೆ" ಎನ್ನುತ್ತ ಚಪ್ಪಲಿ ಮೆಟ್ಟಿದಳು. ಗಂಡನೂ ಅವಳ ಹಿಂದೆಯೇ ಜೀಪು ಹತ್ತಿದ.

ದಾರಿಯಲ್ಲಿ ಡಾಕ್ಟರಮ್ಮ ಪರಿಸ್ಥಿತಿ ಹೇಳಿದರು. ದೊಡ್ಡವಳು ನಿನ್ನೆಯಿಂದ ಆಹಾರ ಮುಟ್ಟಿಲ್ಲ, ಕಲ್ಲಂಗಡಿ ಇಟ್ಟರೂ ಮೂಸಿಲ್ಲ. ನೀರು ಬಿಟ್ಟು ಏಳುತ್ತಿಲ್ಲ. ಗಂಡು ಅದೇ ಕೊಳದ ನಡುವೆ ಬಿದ್ದುಕೊಂಡಿದೆ. ಹಗಲು ಹೊತ್ತು ಅದನ್ನು ನೀರಿನಿಂದ ಎಬ್ಬಿಸುವುದು ಯಾರಿಂದಲೂ ಆಗದು, ಕತ್ತಲಾಗುವವರೆಗೆ ಕಾಯುವ ಹಾಗೂ ಇಲ್ಲ. ಕೋತಿಮನೆಯವನು ಕರೆದು ನೋಡಿದ. ದೊಡ್ಡವಳು ಅವನಿಗೆ ಬಾಯಿ ತೆರೆದಳು, ಅವನು ತನ್ನ ಕೋತಿಗಳ ಹತ್ತಿರ ಓಡಿಹೋದ.

"ಅತ್ತಿಗೆ, ಅಣ್ಣನ ದನಿ ಇರೋ ವಿಡಿಯೋನೂ ಹಾಕಿ ನೋಡಿದ್ವಿ" ಎಂದ ಅವನು, ತಪ್ಪು ತನ್ನದೆಂಬಂತೆ. "ಸಿಕ್ಕಿದ್ದು ಒಂದೇ. ಅದರಲ್ಲಿ ಅಣ್ಣ ಜನಗಳಿಗೆ 'ಹಿಂದೆ ಸರೀರಿ, ಹಿಂದೆ ಸರೀರಿ' ಅಂತ ಕೂಗಿರೋದು. ಅದನ್ನ ಕೇಳಿ ಅವಳು ಇನ್ನೂ ಹಿಂದಕ್ಕೆ ಹೋದ್ಳು."

ಓಣಿ ಎಂದರೆ ಎರಡೂ ಕಡೆ ದಪ್ಪ ಕಬ್ಬಿಣದ ಕಂಬಿ, ನಡುವೆ ನೀರಾನೆ ನಡೆಯುವಷ್ಟು ಅಗಲದ ಸಿಮೆಂಟ್ ಹಾದಿ. ಹೊಲಿಗೆಯವಳು ಕಂಬಿಯ ಈಚೆ ನಿಂತಳು. ಹಸಿ ಹುಲ್ಲು, ಸಗಣಿ, ನಿಂತ ನೀರು, ಎಲ್ಲ ಸೇರಿದ ಆ ವಾಸನೆ ಅವಳಿಗೆ ಹೊಸದಲ್ಲ. ಇಷ್ಟು ವರ್ಷ ಅವಳು ಒಗೆದ ಅಂಗಿಗಳ ವಾಸನೆ ಅದು. ಕೊಳದ ಅಂಚಿನಲ್ಲಿ ಎರಡು ಕಿವಿ, ಎರಡು ಕಣ್ಣು, ಎರಡು ಮೂಗಿನ ಹೊಳ್ಳೆ. ಅಷ್ಟೇ ದೊಡ್ಡವಳು. ದೂರದಲ್ಲಿ ಇನ್ನೊಂದು ಜೊತೆ ಕಿವಿ, ಅದು ಗಂಡು.

ಅವಳು ಎರಡು ಸಲ ಕೆಮ್ಮಿದಳು, ಅವನ ಹಾಗೆ. ಆ ಪುಟ್ಟ ಕಿವಿಗಳು ಗಿರ್ರನೆ ಈ ಕಡೆ ತಿರುಗಿದವು.

"ಏಯ್! ಎಷ್ಟು ಹೊತ್ತು ಕರೀಬೇಕು? ಎದ್ದು ಬಾ!" ಎಂದಳು, ಗಂಡನ ದಪ್ಪ ದನಿಯಲ್ಲಿ.

ದೊಡ್ಡವಳು ತಲೆ ಎತ್ತಿದಳು. ನಕ್ಕ ಹಾಗೆ ಹೂಂ ಹೂಂ ಹೂಂ ಎಂದು ಒಂದು ಹೂಂಕಾರ ಬಂತು. ಆದರೆ ಅವಳು ಅಲ್ಲಿಂದ ಕದಲಲಿಲ್ಲ. ಹೊಲಿಗೆಯವಳು ತನಗೆ ಗೊತ್ತಿದ್ದ ಗಂಡನನ್ನೆಲ್ಲ ಹೊರಗೆ ತೆಗೆದಳು. ಟವೆಲ್ ಕೇಳಿದಳು, ಉಪ್ಪು ಹೆಚ್ಚಾಯಿತೆಂದಳು, ಲೈಟು ಆರಿಸಿಲ್ಲವೆಂದು ರೇಗಿದಳು. ದೊಡ್ಡವಳು ಕೇಳುವಷ್ಟು ಕೇಳಿ, ಮೂಗು ಮುಚ್ಚಿ, ಕಿವಿ ಮುಚ್ಚಿ, ಮುಳುಗಿದಳು.

"ದನಿ ಸರಿಯಿದೆ. ಮಾತು ಸರಿಯಿಲ್ಲ" ಎಂದರು ಡಾಕ್ಟರಮ್ಮ. "ಇವರು ದಿನಾ ಏನಂತ ಕರೀತಾರೆ?"

ಎಲ್ಲರೂ ಗಂಡನತ್ತ ತಿರುಗಿದರು. ಅವನು ಆಕಾಶ ನೋಡಿದ. ಕೋತಿಮನೆಯವನನ್ನು ನೋಡಿದ, ಡಾಕ್ಟರಮ್ಮನನ್ನು ನೋಡಿದ, ಕೈಗಳನ್ನು ಗಾಳಿಯಲ್ಲಿ ಏನೇನೋ ಆಡಿಸಿದ. ಆ ಸನ್ನೆಯಿಂದ ಕರೆಯುವ ಮಾತು ಏನೆಂಬುದು ತಿಳಿಯಲಿಲ್ಲ, ನಾಚಿಕೆಯಾಗಿದೆ ಎಂಬುದು ಮಾತ್ರ ತಿಳಿಯಿತು. ಕೊಳದಲ್ಲಿ ಗಂಡು ನೀರಾನೆ ಮಗ್ಗುಲು ಬದಲಿಸಿತು, ಅಲೆ ದಡಕ್ಕೆ ಬಡಿಯಿತು. ಅದನ್ನು ಕಂಡದ್ದೇ ಅವನು ಹೆಂಡತಿಯನ್ನು ತೋಳು ಹಿಡಿದು ಪಕ್ಕಕ್ಕೆ ಎಳೆದ. ಗಂಟಲಿನ ಡಾಕ್ಟರ ಕಟ್ಟಪ್ಪಣೆ ಮುರಿದು, ಬಾಯಿಯನ್ನು ಅವಳ ಕಿವಿಗೆ ಹಚ್ಚಿದ.

ಹರಿದ ಬಟ್ಟೆಯಂಥ ಆ ಪಿಸುದನಿಯಲ್ಲಿ ಅವನು ಹೇಳಿದ್ದು ಇದು:

"ಬಾ ನನ್ನ ಬಂಗಾರೀ. ಬೆಳಗಾಯ್ತು, ಎದ್ದೇಳಮ್ಮ. ನಿನ್ನ ಮುಖ ನೋಡದೆ ನನಗೆ ದಿನಾನೇ ಶುರುವಾಗಲ್ಲ. ಮೆಲ್ಲಗೆ ಬಾ, ಕಾಲು ಜಾರೀತು. ನಾನಿದೀನಲ್ಲ."

ಹೊಲಿಗೆಯವಳ ಕಿವಿ ಬಿಸಿಯಾಯಿತು. ನಿಧಾನವಾಗಿ ತಿರುಗಿ ಗಂಡನ ಮುಖ ನೋಡಿದಳು. ಅವನು ತನ್ನ ಬೂಟು ನೋಡುತ್ತಿದ್ದ.

"ಆಹಾ!" ಎಂದಳು ಅವಳು. "ದಿನಾ?"

ಅವನು ಬೂಟಿಗೇ ಹೌದೆಂದು ತಲೆಯಾಡಿಸಿದ.

ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳು. ಉರಿಯಿತು, ಚೆನ್ನಾಗಿಯೇ ಉರಿಯಿತು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು, ಕಾಲು ಜಾರೀತು ಎಂದು ತನಗೆ ಯಾರು ಹೇಳಿದ್ದರು? ಆದರೆ ಉರಿಯ ಜೊತೆಗೇ ಒಂದು ನೆನಪೂ ಎದ್ದಿತು. ಮದುವೆಯ ಹೊಸತರಲ್ಲಿ ಈ ದನಿ ಒಂದೆರಡು ಸಲ ಮನೆಗೂ ಬಂದಿತ್ತು. ಅವಳಿಗೆ ಜ್ವರ ಬಂದಾಗ ಹಣೆಯ ಮೇಲೆ ಒದ್ದೆ ಬಟ್ಟೆ ಇಡುತ್ತ ಅವನು ಆಡಿದ ದನಿ ಅದು. ಆಮೇಲೆ ಎಲ್ಲಿ ಹೋಯಿತೆಂದು ಅವಳು ಹುಡುಕಿರಲಿಲ್ಲ. ಒಂದು ಸಲ ಕೇಳಿದ ದನಿಯನ್ನು ಅವಳು ಮರೆತವಳಲ್ಲ. ಆ ಹಳೆಯ ದನಿಯನ್ನು ಒಳಗಿನಿಂದ ಎತ್ತಿ, ಈ ಮಾತುಗಳನ್ನು ಅದಕ್ಕೆ ತೊಡಿಸಿದಳು. ಮತ್ತೆ ಎರಡು ಸಲ ಕೆಮ್ಮಿ, ಕಂಬಿ ಹಿಡಿದು ನಿಂತಳು.

"ಬಾ ನನ್ನ ಬಂಗಾರೀ. ಬೆಳಗಾಯ್ತು, ಎದ್ದೇಳಮ್ಮ..."

ನೀರಿನ ಮೇಲೆ ಏನೂ ಕಾಣಲಿಲ್ಲ. ಆಮೇಲೆ ಗುಳ್ಳೆಗಳ ಒಂದು ಸಾಲು ಎದ್ದಿತು, ದಡದ ಕಡೆಗೆ ಹೊರಟಿತು. ದೊಡ್ಡವಳು ಕೊಳದ ತಳದಲ್ಲಿ ನಡೆದು ಬರುತ್ತಿದ್ದಳು. ಮೊದಲು ಕಿವಿ, ಆಮೇಲೆ ಕಣ್ಣು, ಆಮೇಲೆ ಇಡೀ ಮೈ, ನೀರು ಸುರಿಸುತ್ತ, ತುಂಬು ಹೊಟ್ಟೆ ಅತ್ತಿತ್ತ ತೂಗುತ್ತ. "ಮೆಲ್ಲಗೆ ಬಾ, ಕಾಲು ಜಾರೀತು" ಎನ್ನುವಾಗ ಹೊಲಿಗೆಯವಳ ದನಿ ನಡುಗಿತು, ಅದು ನಕಲಿಯಲ್ಲ. ದೊಡ್ಡವಳು ಓಣಿಯೊಳಗೆ ಬಂದಳು. ಹೊಲಿಗೆಯವಳ ಎದುರಿಗೆ ಬಂದಾಗ ಒಂದು ಗಳಿಗೆ ನಿಂತಳು. ಹೊಲಿಗೆಯವಳು ಹಳೆಯದನ್ನು ನೆನೆದು ಕಣ್ಣು ಗಟ್ಟಿಯಾಗಿ ಮುಚ್ಚಿ, "ನಾನಿದೀನಲ್ಲ" ಎಂದಳು. ಬಾಲ ತಿರುಗಲಿಲ್ಲ. ಭಾರವಾದ ಹೆಜ್ಜೆಗಳು ಮುಂದೆ ಹೋದವು. ಹಿಂದೆ ಗೇಟು ಬಿತ್ತು, ಮುಂದೆ ಸಣ್ಣ ಕೊಳದ ನೀರು ಚೆಲ್ಲಾಡಿತು. ಕೋತಿಮನೆಯವನು ಕುಣಿದ. ಡಾಕ್ಟರಮ್ಮ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ಮಧ್ಯಾಹ್ನದ ಬಿಸಿಲಿನಲ್ಲಿ ಮರಿ ಹುಟ್ಟಿತು, ನೀರಿನೊಳಗೇ. ಹುಟ್ಟಿದ್ದೇ ತಡ, ತಾಯಿ ಮೂತಿಯಿಂದ ತಳ್ಳಿದ ಹಾಗೆ ಮೇಲೆ ಬಂದು ಮೊದಲ ಉಸಿರು ತೆಗೆದುಕೊಂಡಿತು. ಸ್ವಲ್ಪ ಹೊತ್ತಿಗೆ ಮುಳುಗಿ, ಪುಟ್ಟ ಕಿವಿ ಮಡಿಚಿ, ಮೂಗು ಮುಚ್ಚಿಕೊಂಡು, ನೀರಡಿಯಲ್ಲೇ ಹಾಲು ಕುಡಿಯಿತು. ಗಂಡ ಕಂಬಿಗೆ ಹಣೆ ಹಚ್ಚಿ ನೋಡುತ್ತಿದ್ದ. ಈ ಸಲ ಅವನಿಗೆ ನಲ್ಲಿ ಬೇಕಾಗಲಿಲ್ಲ. ಎಲ್ಲರ ಎದುರೇ ಅತ್ತ. ಹೊಲಿಗೆಯವಳು ತನ್ನ ಸೆರಗಿನಿಂದ ಅವನ ಮುಖ ಒರೆಸಿ, "ಅಳಬೇಡಿ, ಗಂಟಲಿಗೆ ಒಳ್ಳೇದಲ್ಲ" ಎಂದಳು. ಆಮೇಲೆ ತಾನೂ ಅತ್ತಳು.

ಗಂಡನ ದನಿ ಮರಳಿತು, ಮೊದಲಿನಷ್ಟೇ ದಪ್ಪಗೆ. ಕೋತಿಮನೆಯವನಿಗೆ ಅವನೇ ಕೂತು ಕರೆಯುವುದನ್ನು ಕಲಿಸತೊಡಗಿದ. ಡಾಕ್ಟರಮ್ಮ ಹೇಳಿದಾಗಲೇ ಕಲಿಸಬೇಕಿತ್ತು ಎಂದು ಒಪ್ಪಿಕೊಂಡ ಕೂಡ. ಹೀಗೆ ಎಲ್ಲ ಹಳೆಯ ಹಾದಿಗೆ ಬಂತು ಎನ್ನುವಾಗ ಒಂದು ಸಂಜೆ ಅವನು ಮನೆಗೆ ಬಂದು, ಬೂಟು ಬಿಚ್ಚುತ್ತ, "ಟವೆಲ್ ಎಲ್ಲಿ?" ಎಂದ.

ಯಂತ್ರ ಓಡುತ್ತಲೇ ಇತ್ತು.

"ಏಯ್, ನಿನಗೇ ಹೇಳಿದ್ದು. ಟವೆಲ್ ಎಲ್ಲಿ?"

ಹೊಲಿಗೆಯವಳು ಬಾಯಲ್ಲಿದ್ದ ಗುಂಡುಸೂಜಿಗಳನ್ನು ತೆಗೆದು ಬದಿಗಿಟ್ಟಳು. ಕುರ್ಚಿಯಲ್ಲೇ ಅವನ ಕಡೆ ತಿರುಗಿದಳು. ಆಮೇಲೆ, ಕಿರುನಾಲಗೆ ಕಾಣುವಷ್ಟು ಅಗಲವಾಗಿ ಬಾಯಿ ತೆರೆದು, ನಿಧಾನವಾಗಿ ಆಕಳಿಸಿದಳು.

ಬೇರೆ ಯಾವ ಗಂಡನಾದರೂ ಪಾಪ ನಿದ್ದೆ ಬಂದಿದೆ ಎಂದುಕೊಳ್ಳುತ್ತಿದ್ದ. ಇವನು ಅನುಭವಸ್ಥ. ಎರಡು ಹೆಜ್ಜೆ ಹಿಂದೆ ಸರಿದ. ಬಾಗಿಲ ಕಡೆ ನೋಡಿದ, ಕಿಟಕಿಯ ಕಡೆ ನೋಡಿದ. ಎರಡು ಸಲ ಕೆಮ್ಮಿದ. ಆಮೇಲೆ ಯಾರಿಗೂ ಕೇಳಿಸದ ಹಾಗೆ ಏನೋ ಗೊಣಗಿದ.

"ಕೇಳಿಸ್ಲಿಲ್ಲ" ಎಂದಳು ಅವಳು.

ಅವನು ಕಣ್ಣು ಮುಚ್ಚಿಕೊಂಡು, ಗಟ್ಟಿಯಾಗಿ, ತೊದಲುತ್ತ ಹೇಳಿಯೇಬಿಟ್ಟ: "ಬಾ ನನ್ನ ಬಂಗಾರೀ. ನಿನ್ನ ಮುಖ ನೋಡದೆ ನನಗೆ... ದಿನಾನೇ ಶುರುವಾಗಲ್ಲ. ಟವೆಲ್... ಎಲ್ಲಿದೆ ಅಂತ ಹೇಳಮ್ಮ."

ಎದುರುಮನೆಯ ಬಾಗಿಲಿನಿಂದ ಅಜ್ಜಿಯ ನಗು ಬೀದಿ ದಾಟಿ ಬಂತು. "ಈ ಸಲ ಕೆಡ್ತು ಕಣೇ ಹುಡುಗೀ! ದನಿಯೂ ಸರಿಯಾಗಿ ಬರ್ಲಿಲ್ಲ, ಮಾತಂತೂ ಇಲ್ಲವೇ ಇಲ್ಲ. ನಿನ್ನ ಗಂಡ ಹಾಗೆಲ್ಲ ಮಾತಾಡೋನಾ? ಬಿಡ್ತು ಅನ್ನು!"

ಗಂಡ ಕಿವಿಯವರೆಗೂ ಕೆಂಪಾಗಿ ನಿಂತಿದ್ದ. ಹೊಲಿಗೆಯವಳು ಎದ್ದು ಹೋಗಿ ತಂತಿಯ ಮೇಲಿದ್ದ ಟವೆಲ್ ತಂದು ಅವನ ಹೆಗಲಿಗೆ ಹಾಕಿದಳು.

"ಕೇಳಿಸ್ತಾ? ಅಭ್ಯಾಸ ಸಾಲ್ದು ಅಂತೆ" ಎಂದಳು. "ಇನ್ನೊಂದ್ಸಲ ಹೇಳಿ."